ಶೋಕಕ್ಕೆ ಸ್ಥಾನವೆಲ್ಲಿ? ಕೀರ್ತನೆಗಳ ಪ್ರಲಾಪವೂ ಆದಿ ಕ್ರೈಸ್ತ ವ್ಯಾಖ್ಯಾನಕಾರರೂ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವಾಗುವ ಆರು ಸಂಗತಿಗಳನ್ನು ಹೇಳಿದ್ದಾರೆ. ದುಃಖ, ಶೋಕ, ತಾಪ, ಆಕ್ರಂದನ, ವಧ ಮತ್ತು ಪರಿದೇವನ ಎಂಬಿವೇ ಆ ಆರು. ಇವುಗಳಲ್ಲಿ ಶೋಕ, ಆಕ್ರಂದನ, ಪರಿದೇವನಗಳು ಮೂರೂ ಅಳುವಿಗೆ ಸಂಬಂಧಿಸಿದವು. ಪರಿದೇವನವೆಂದರೆ ಕೇಳಿದವರ ಮನಸ್ಸು ಕರಗುವಂತೆ ಹಲುಬಿ ಹಲುಬಿ ಅಳುವುದು. ಬಾಲ್ಯದಲ್ಲಿ ಬಸದಿಯ ಪಾಠಶಾಲೆಯಲ್ಲಿ ಈ ಸೂತ್ರವನ್ನು ಕಂಠಪಾಠ ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ನಾನೂ ಅವರಲ್ಲೊಬ್ಬ.

ಕೆಲವು ವರ್ಷಗಳ ಹಿಂದೆ ಚಾಮರಾಜಪೇಟೆಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಸಾವು ಸಂಭವಿಸಿತು. ಹೋದವನು ಆಕೆಯ ಮಗ, ಇಪ್ಪತ್ತನಾಲ್ಕು ವರ್ಷದವನು. ಮೂರನೆಯ ದಿನ ಬಂಧುಬಳಗವೆಲ್ಲ ಸೇರಿದ್ದಾಗ ತಂಗಿ ಗೋಡೆಗೆ ತಲೆಯಾನಿಸಿ ಮಗನ ಹೆಸರು ಹಿಡಿದು ಕೂಗಿ ಅಳುತ್ತಿದ್ದಳು. ನಾನು ಎಲ್ಲರೆದುರಿಗೆ, "ಅಳಬೇಡಮ್ಮ, ಇದು ಆರ್ತಧ್ಯಾನ, ಇದರಿಂದ ಕರ್ಮಬಂಧ" ಎಂದು ಹೇಳಿ ಸೂತ್ರವನ್ನೂ ಉಚ್ಚರಿಸಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುಮ್ಮನಾದಳು. ಹಿರಿಯರು ತಲೆದೂಗಿದರು. ಧರ್ಮವನ್ನು ನುಡಿದೆನೆಂಬ ಸಮಾಧಾನದಿಂದ ನಾನು ಮನೆಗೆ ಮರಳಿದೆ. ಎರಡು ತಿಂಗಳ ಮೇಲೆ ಆಕೆ ಒಂದು ಮಾತು ಕೇಳಿದಳು: "ಅಣ್ಣಾ, ಅಳಬೇಡ ಅಂದೆ, ಅಳಲಿಲ್ಲ. ಆದರೆ ಇದನ್ನ ಎಲ್ಲಿ ಇಟ್ಟುಕೊಳ್ಳಲಿ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದವನಿಗೆ ನಮ್ಮ ಗ್ರಂಥಗಳನ್ನು ಮತ್ತೆ ಸರಿಯಾಗಿ ಓದುವಂತೆ ಮಾಡಿದ್ದು ಅನ್ಯಮತದ ಕೆಲವು ಪ್ರಾಚೀನ ವ್ಯಾಖ್ಯಾನಗಳು. ಅವುಗಳ ಗುಣದೋಷಗಳನ್ನು ನನ್ನ ಅಲ್ಪಮತಿಗೆ ತೋಚಿದಂತೆ ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕೀರ್ತನೆಯೆಂಬ ಹೆಸರಿನೊಳಗೆ ಪ್ರಲಾಪ

ಪೇಟೆಯಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆ ವ್ಯಾಪಾರ ಮಾಡಿಕೊಂಡು ಬಂದ ನನಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳೇ ಗುರುಕುಲ. ಅದೇ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚು ಇದೆ. ಅದು ಲಂಡನ್ ಮಿಷನ್ನಿನ ಪಾದ್ರಿ ಬೆಂಜಮಿನ್ ರೈಸ್ ಅವರ ಹೆಸರಿನದು. ಅವರ ಮಗ ಬಿ. ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1889ರಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು ಸಂಪಾದಿಸಿ ಪ್ರಕಟಿಸಿದರು. ತಂದೆ ಇದೇ ಊರಿನಲ್ಲಿ ಕನ್ನಡದಲ್ಲಿ ಕ್ರೈಸ್ತ ಧರ್ಮವನ್ನು ಬೋಧಿಸಿದರು. ಮಗ ನಮ್ಮ ಸಲ್ಲೇಖನದ ಶಾಸನಗಳನ್ನು ವಿದ್ವಲ್ಲೋಕದ ಮುಂದಿಟ್ಟರು. ಒಂದೇ ಮನೆತನದಲ್ಲಿ ಎರಡು ಧರ್ಮಗಳ ಮರಣಚಿಂತನೆ ಹೀಗೆ ಅಕ್ಕಪಕ್ಕ ಬಂದದ್ದು ನನಗೆ ಬಹಳ ಕಾಲದಿಂದ ಕುತೂಹಲದ ಸಂಗತಿ. ಆ ಚರ್ಚಿಗೆ ಸೇರಿದ ಮಿತ್ರರೊಬ್ಬರು ಕನ್ನಡ ಬೈಬಲ್ಲಿನ ಒಂದು ಪ್ರತಿಯನ್ನು ನನಗೆ ಕೊಟ್ಟು, ದುಃಖವಿದ್ದಾಗ ಕೀರ್ತನೆಗಳನ್ನು ಓದಿರೆಂದರು.

ಬೈಬಲ್ಲು ಸಮಗ್ರವಾಗಿ ಕನ್ನಡಕ್ಕೆ ಬಂದದ್ದು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ, 1831ರ ಹೊತ್ತಿಗೆ. ಅದರಲ್ಲಿ 150 ಪದ್ಯಗಳ ಒಂದು ಸಂಗ್ರಹಕ್ಕೆ 'ಕೀರ್ತನೆಗಳು' ಎಂದು ಹೆಸರು. ಮೂಲ ಇಬ್ರಿಯ ಭಾಷೆಯಲ್ಲಿಯೂ ಅದರ ಹೆಸರಿಗೆ ಸ್ತುತಿಗಳೆಂದೇ ಅರ್ಥ. 'ಪ್ರಲಾಪಗಳು' ಎಂಬ ಹೆಸರಿನ ಬೇರೊಂದು ಗ್ರಂಥವೂ ಅದೇ ಬೈಬಲ್ಲಿನಲ್ಲಿದೆ. ಆದುದರಿಂದ ಅಳುವೆಲ್ಲ ಅಲ್ಲಿ, ಸ್ತುತಿಯೆಲ್ಲ ಇಲ್ಲಿ ಎಂದು ನಾನು ಭಾವಿಸಿದ್ದೆ. ಓದಿದಾಗ ಕಂಡದ್ದೇ ಬೇರೆ. ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿಗೂ ಮಿಗಿಲಾದುವು ಶೋಕಗೀತೆಗಳೆಂದು ವಿದ್ವಾಂಸರು ಹೇಳುತ್ತಾರೆ. ರೋಗಿಯ ಅಳಲು, ಮಿತ್ರದ್ರೋಹಕ್ಕೆ ಗುರಿಯಾದವನ ಕೊರಗು, ಸೋತ ನಾಡಿನ ಗೋಳು, ಎಲ್ಲವೂ ಅಲ್ಲಿವೆ. ದೇವರನ್ನು ಕರೆಯುವುದು, ದೂರುವುದು, ಬೇಡುವುದು, ಕೊನೆಗೆ ಭರವಸೆಗೆ ತಿರುಗುವುದು, ಇದು ಅವುಗಳ ಸಾಮಾನ್ಯ ಕ್ರಮ. 88ನೆಯ ಕೀರ್ತನೆಯಲ್ಲಿ ಮಾತ್ರ ಆ ತಿರುವೇ ಇಲ್ಲ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ.

ಸ್ತುತಿಯ ಗ್ರಂಥದಲ್ಲಿ ಇಷ್ಟು ಅಳುವೇಕೆ? ಈ ಪ್ರಶ್ನೆ ಕ್ರೈಸ್ತ ಧರ್ಮದ ಮೊದಲ ಐದು ಶತಮಾನಗಳ ಆಚಾರ್ಯರನ್ನೂ ಕಾಡಿತ್ತು. ಅವರು ಪುನರುತ್ಥಾನವನ್ನು ನಂಬಿದವರು. ಸಾವಿಗೆ ಅತಿಯಾಗಿ ಶೋಕಿಸುವುದು ನಂಬಿಕೆಯ ಕೊರತೆಯೆಂದು ಬೋಧಿಸಿದವರು. ಕೂಲಿಗೆ ಬಂದು ಎದೆ ಬಡಿದುಕೊಂಡು ಅಳುವ ಹೆಂಗಸರನ್ನು ಕರೆಸುವ ರೂಢಿಯನ್ನು ಜಾನ್ ಕ್ರಿಸೋಸ್ಟಮರು ಕಟುವಾಗಿ ಖಂಡಿಸಿದ್ದಾರೆ. ಇಂತಹವರು ಪ್ರತಿದಿನದ ಪ್ರಾರ್ಥನೆಯಲ್ಲಿ ಈ ಅಳುವ ಪದ್ಯಗಳನ್ನು ಹಾಡಬೇಕಾಗಿತ್ತು. ಅವರ ಇಕ್ಕಟ್ಟು ನಮ್ಮ ಇಕ್ಕಟ್ಟಿಗೆ ಬಹಳ ಸಮೀಪದ್ದು.

ಕನ್ನಡಿಯಲ್ಲಿ ಕಂಡ ಮುಖ

ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದ ಧರ್ಮಾಧ್ಯಕ್ಷ ಅಥನಾಸಿಯಸ್ (ಮರಣ 373) ರೋಗಪೀಡಿತನಾಗಿದ್ದ ಮಾರ್ಕೆಲ್ಲಿನಸ್ ಎಂಬವನಿಗೆ ಕೀರ್ತನೆಗಳ ವಿಷಯವಾಗಿ ಒಂದು ದೀರ್ಘಪತ್ರ ಬರೆದನು. ವೃದ್ಧನೊಬ್ಬನಿಂದ ಕೇಳಿದ ಉಪದೇಶವೆಂದು ಅದನ್ನು ನಿರೂಪಿಸುತ್ತಾನೆ. ಬೇರೆ ಶಾಸ್ತ್ರಗಳನ್ನು ಓದುವಾಗ ನಾವು ಬೇರೆಯವರ ಮಾತನ್ನು ಕೇಳುತ್ತೇವೆ. ಕೀರ್ತನೆಗಳನ್ನು ಓದುವಾಗ ಮಾತ್ರ ಅವು ನಮ್ಮದೇ ಮಾತಾಗುತ್ತವೆ. ಅವು ಓದುವವನ ಆತ್ಮಕ್ಕೆ ಹಿಡಿದ ಕನ್ನಡಿ. ಇದು ಆತನ ವಾದದ ತಿರುಳು. ಯಾವ ಸಂಕಟದಲ್ಲಿ ಯಾವ ಕೀರ್ತನೆಯನ್ನು ಓದಬೇಕೆಂಬ ಪಟ್ಟಿಯನ್ನೂ ಆತ ಕೊಡುತ್ತಾನೆ. ವೈದ್ಯನು ಔಷಧದ ಚೀಟಿ ಬರೆದಂತೆ.

ಈ ವಿವರಣೆಯಲ್ಲಿ ದೊಡ್ಡ ಲೋಕಾನುಭವವಿದೆ. ದುಃಖದ ಮೊದಲ ಪೆಟ್ಟು ಬೀಳುವುದು ನಾಲಗೆಯ ಮೇಲೆ. ಏನು ಹೇಳಬೇಕೆಂದು ತಿಳಿಯದವನಿಗೆ ಸಿದ್ಧವಾದ ಮಾತುಗಳು ಆಸರೆಯಾಗುತ್ತವೆ. ನಮ್ಮ ಪ್ರತಿಕ್ರಮಣ ಪಾಠವೂ ಇಂತಹುದೇ ಅಲ್ಲವೆ? ಅದನ್ನು ರಚಿಸಿದವರು ಪ್ರಾಚೀನರು. ಆದರೆ ಹೇಳುವಾಗ ದೋಷ ನನ್ನದು, ಪಶ್ಚಾತ್ತಾಪ ನನ್ನದು. ಒಂದು ವ್ಯತ್ಯಾಸವನ್ನು ಮಾತ್ರ ಒಪ್ಪಲೇಬೇಕು. ನಮ್ಮ ನಿತ್ಯಪಾಠಗಳಲ್ಲಿ ಮಾಡಿದ ತಪ್ಪಿಗೆ ಮಾತುಗಳಿವೆ, ಜಿನಗುಣಗಳ ಸ್ತುತಿಗೆ ಮಾತುಗಳಿವೆ, ಸಂಸಾರದ ಅನಿತ್ಯತೆಗೂ ಮಾತುಗಳಿವೆ. ಮಗನನ್ನು ಕಳೆದುಕೊಂಡವಳು ಮೂರನೆಯ ದಿನ ಆಡಬಹುದಾದ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿಲ್ಲ. ಅಥನಾಸಿಯಸನ ಪಟ್ಟಿಯನ್ನು ಓದಿದಾಗ ನನಗೆ ನೆನಪಾದದ್ದು ತಂಗಿಯ ಬಾಯಿಗೆ ಒತ್ತಿದ ಸೆರಗು.

ಕೂಗಿದವರು ಯಾರು?

22ನೆಯ ಕೀರ್ತನೆಯ ಮೊದಲಲ್ಲಿ ದೇವರು ತನ್ನನ್ನೇಕೆ ಕೈಬಿಟ್ಟನೆಂಬ ಕೂಗು ಇದೆ. ಮಾರ್ಕ ಮತ್ತು ಮತ್ತಾಯರ ಸುವಾರ್ತೆಗಳ ಪ್ರಕಾರ ಯೇಸು ಶಿಲುಬೆಯ ಮೇಲೆ ಇದೇ ಮಾತನ್ನು ಕೂಗಿದನು. ದೇವಪುತ್ರನೆಂದು ನಂಬಿದವನು ದೇವರು ಕೈಬಿಟ್ಟನೆಂದು ಹೇಗೆ ಅತ್ತಾನು? ಇದಕ್ಕಿಂತ ಕಠಿಣವಾದ ಮತ್ತೊಂದು ತೊಡಕೂ ಇತ್ತು. ಅಂದಿನ ಕ್ರೈಸ್ತರು ಓದುತ್ತಿದ್ದ ಗ್ರೀಕ್ ಮತ್ತು ಲ್ಯಾಟಿನ್ ಪಾಠಗಳಲ್ಲಿ, ಇಬ್ರಿಯ ಮೂಲದ ನರಳಾಟ ಎಂಬ ಅರ್ಥದ ಪದದ ಸ್ಥಾನದಲ್ಲಿ, ಅಪರಾಧ ಎಂಬ ಅರ್ಥದ ಪದವಿತ್ತು. ಪಾಪರಹಿತನೆಂದು ಹೇಳಲಾದವನು ತನ್ನ ಅಪರಾಧವನ್ನು ಕುರಿತು ಏಕೆ ಮಾತನಾಡಬೇಕು?

ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷ ಅಗಸ್ಟೀನ್ (354-430) ಇದಕ್ಕೆ ಕೊಟ್ಟ ಪರಿಹಾರ ಪ್ರಸಿದ್ಧವಾಗಿದೆ. 150 ಕೀರ್ತನೆಗಳಿಗೂ ವ್ಯಾಖ್ಯಾನ ಮಾಡಿದ ಆತ, ಸುಮಾರು 412ರಲ್ಲಿ ಹೊನೊರಾಟಸ್ ಎಂಬವನಿಗೆ ಬರೆದ ಪತ್ರದಲ್ಲಿಯೂ ಈ ಕೂಗಿನ ಅರ್ಥವನ್ನು ವಿಸ್ತರಿಸಿದ್ದಾನೆ. ಆತನ ಅಂಕಿಯಲ್ಲಿ ಇದು 21ನೆಯ ಕೀರ್ತನೆ, ಗ್ರೀಕ್ ಪಾಠದ ಎಣಿಕೆಯಲ್ಲಿ ಒಂದು ವ್ಯತ್ಯಾಸವಿರುವುದರಿಂದ. ಕ್ರಿಸ್ತನು ಶಿರಸ್ಸು, ಭಕ್ತಸಮುದಾಯವು ಶರೀರ. ಎರಡೂ ಸೇರಿ ಒಂದೇ ಪುರುಷ. ಪಾದಕ್ಕೆ ನೋವಾದರೆ ನಾಲಗೆ 'ನನಗೆ ನೋವಾಯಿತು' ಎನ್ನುವಂತೆ, ಶಿರಸ್ಸು ಶರೀರದ ಪರವಾಗಿ ಅಳುತ್ತದೆ. ಅಪರಾಧ ಶರೀರದ್ದು, ಧ್ವನಿ ಶಿರಸ್ಸಿನದು. ಹೀಗೆ ಕೀರ್ತನೆಯ ಪ್ರತಿಯೊಂದು ಅಳುವಿನಲ್ಲಿಯೂ ಮಾತನಾಡುವವರು ಯಾರು ಎಂದು ಕೇಳುವುದೇ ಆತನ ಕ್ರಮವಾಯಿತು.

ಇದಕ್ಕೆ ಪ್ರತಿಯಾಗಿ ನಿಂತವನು ಸಿಲಿಸಿಯ ಪ್ರಾಂತದ ಮೊಪ್ಸುಯೆಸ್ಟಿಯದ ಥಿಯೊಡೋರ್ (ಮರಣ 428). ಆತನ ದೃಷ್ಟಿಯಲ್ಲಿ ನೇರವಾಗಿ ಕ್ರಿಸ್ತನನ್ನು ಕುರಿತ ಕೀರ್ತನೆಗಳು ನಾಲ್ಕೇ. 22ನೆಯದು ಆ ನಾಲ್ಕರಲ್ಲಿ ಇಲ್ಲ. ಅದು ಮಗನಾದ ಅಬ್ಷಾಲೋಮನ ದಂಗೆಯಿಂದ ಸಂಕಟಕ್ಕೊಳಗಾದ ದಾವೀದ ಅರಸನ ಅಳುವೆಂದು ಆತ ಹೇಳಿದ. ಆತ ತೀರಿಕೊಂಡು ನೂರಿಪ್ಪತ್ತೈದು ವರ್ಷಗಳ ಮೇಲೆ, 553ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸೇರಿದ ಧರ್ಮಸಭೆ ಆತನನ್ನೂ ಆತನ ಬರೆಹಗಳನ್ನೂ ಬಹಿಷ್ಕರಿಸಿತು.

ಇಲ್ಲಿ ಜೈನನಾದವನು ತನ್ನ ತಕ್ಕಡಿಯನ್ನು ಹಿಡಿಯಬಹುದು. ಅಗಸ್ಟೀನನ ವ್ಯಾಖ್ಯಾನದಿಂದ ಆದ ಲಾಭ ದೊಡ್ಡದು: ಅಳುವವನು ಒಂಟಿಯಲ್ಲ, ಆತನ ಅಳು ದೊಡ್ಡದೊಂದು ಅಳುವಿನ ಅಂಗ. ನಷ್ಟವೂ ಇದೆ: ಮೊದಲು ಅತ್ತ ಮನುಷ್ಯನು ಮರೆಗೆ ಸರಿಯುತ್ತಾನೆ. ಮಗನಿಂದಲೇ ನೊಂದ ಒಬ್ಬ ತಂದೆಯ ಗಂಟಲು ಕಟ್ಟಿದ್ದು ಸಿದ್ಧಾಂತದ ದೃಷ್ಟಾಂತವಾಗಿಬಿಡುತ್ತದೆ. ಥಿಯೊಡೋರನು ಆ ತಂದೆಯನ್ನು ಉಳಿಸಿಕೊಂಡ. ಆದರೆ ಆ ಅಳುವನ್ನು ಇಂದಿನವನೊಬ್ಬ ತನ್ನದಾಗಿ ಹಾಡಲು ದಾರಿಯನ್ನು ಕಿರಿದು ಮಾಡಿದ. ಇವೆರಡನ್ನೂ ನಾವು ಎರಡು ನಯಗಳೆನ್ನಬಹುದು. ಒಂದು ನಯ ಇನ್ನೊಂದನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆಂದು ನಮ್ಮ ನ್ಯಾಯಶಾಸ್ತ್ರ ಹೇಳುತ್ತದೆ. 553ರ ಸಭೆಯು ಥಿಯೊಡೋರನ ಇತರ ಮತಗಳನ್ನು ಕುರಿತು ಏನನ್ನೇ ತೀರ್ಮಾನಿಸಿರಲಿ, ಈ ಒಂದು ಅಂಶದಲ್ಲಿ ಅದು ಆತನ ನಯವನ್ನು ಉಳಿಸಿಕೊಳ್ಳಬಹುದಿತ್ತೆಂದು ನನಗೆ ತೋರುತ್ತದೆ.

ಬಂಡೆಯೂ ಹಿಟ್ಟಿನ ಕೋಳಿಯೂ

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮಗೆ 137ನೆಯ ಕೀರ್ತನೆ ವಿಶೇಷವಾದ ಪರೀಕ್ಷೆ. ಕ್ರಿ.ಪೂ. ಆರನೆಯ ಶತಮಾನದಲ್ಲಿ ಯೆರೂಸಲೇಮ್ ಹಾಳಾಗಿ ಜನರು ಬಾಬೆಲಿಗೆ ಸೆರೆಹೋದಾಗ ನದಿಯ ದಡದಲ್ಲಿ ಕುಳಿತು ಅತ್ತ ಪದ್ಯವದು. ಆರಂಭ ಎಷ್ಟು ಕರುಣಾಜನಕವೋ ಮುಕ್ತಾಯ ಅಷ್ಟು ಭಯಂಕರ. ಶತ್ರುಗಳ ಎಳೆಯ ಮಕ್ಕಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯನೆಂದು ಅದು ಮುಗಿಯುತ್ತದೆ. ಶೋಕವು ದ್ವೇಷವಾಗಿ ಮಾಗುವ ಪರಿ ಇದಕ್ಕಿಂತ ನಿಚ್ಚಳವಾಗಿ ಬೇರೆಡೆ ಸಿಕ್ಕದು.

ಮೂರನೆಯ ಶತಮಾನದ ಒರಿಜೆನನು ಇದನ್ನು ಅಕ್ಷರಾರ್ಥದಲ್ಲಿ ತೆಗೆದುಕೊಳ್ಳಲಿಲ್ಲ. ಬಾಬೆಲ್ ಎಂದರೆ ಗೊಂದಲ. ಅದರ ಮಕ್ಕಳೆಂದರೆ ಮನಸ್ಸಿನಲ್ಲಿ ಆಗತಾನೆ ಹುಟ್ಟಿದ ದುಷ್ಟಸಂಕಲ್ಪಗಳು. ಅವು ಬೆಳೆಯುವ ಮೊದಲೇ ಅವನ್ನು ವಿವೇಕದ ಬಂಡೆಗೆ ಬಡಿಯಬೇಕು ಎಂದು ಆತ ಅರ್ಥ ಮಾಡಿದ. ಅಗಸ್ಟೀನನೂ ಎಳೆಯ ದುರಾಸೆಗಳೆಂದೇ ಹೇಳಿದ. ಒರಿಜೆನನ ಕೀರ್ತನೆ-ಪ್ರವಚನಗಳ ಗ್ರೀಕ್ ಮೂಲ ಕಳೆದುಹೋಗಿದೆಯೆಂದೇ ಬಹುಕಾಲ ತಿಳಿಯಲಾಗಿತ್ತು. 2012ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ರಾಜ್ಯ ಗ್ರಂಥಾಲಯದ ಒಂದು ಹಸ್ತಪ್ರತಿಯಲ್ಲಿ 29 ಪ್ರವಚನಗಳು ಗುರುತಿಸಲ್ಪಟ್ಟವು. ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲ ಗ್ರಂಥಗಳ ಓಲೆಗರಿಗಳನ್ನು ಬಲ್ಲ ನಮಗೆ ಆ ಸಂತೋಷ ಎಂತಹುದೆಂಬುದು ಅರ್ಥವಾಗುತ್ತದೆ.

ಒರಿಜೆನನ ಅರ್ಥ ನಮಗೆ ಅಪರಿಚಿತವಲ್ಲ. ಅರಿಹಂತ ಎಂಬ ಪದದಲ್ಲಿರುವ ಅರಿಗಳು ಹೊರಗಿನ ಶತ್ರುಗಳಲ್ಲ, ಮೋಹನೀಯಾದಿ ಕರ್ಮಗಳೆಂದೇ ನಮ್ಮ ಆಚಾರ್ಯರು ವಿವರಿಸಿದ್ದಾರೆ. ಆದರೂ ಒಂದು ಸಂದೇಹ ಉಳಿಯುತ್ತದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ಎಲ್ಲರಿಗೂ ವಿದಿತವಷ್ಟೆ. ಯಶೋಧರನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಜೀವ ಹೋಗಲಿಲ್ಲ. ಆದರೆ ಸಂಕಲ್ಪಹಿಂಸೆಯ ಫಲವಾಗಿ ಆತನೂ ಆತನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು. ಈ ಅಳತೆಗೋಲಿನಿಂದ ಒರಿಜೆನನ ಓದನ್ನು ಅಳೆದರೆ ಏನಾಗುತ್ತದೆ?

ಎರಡೂ ಪರಸ್ಪರ ವಿರುದ್ಧವಾದ ಸಂದರ್ಭಗಳು. ಯಶೋಧರನಲ್ಲಿ ವಸ್ತು ನಿರ್ಜೀವ, ಸಂಕಲ್ಪ ಹಿಂಸಾತ್ಮಕ. ಒರಿಜೆನನಲ್ಲಿ ಮಾತು ಹಿಂಸಾತ್ಮಕ, ಸಂಕಲ್ಪ ನಿರ್ದೋಷ. ಭಾವವೇ ಬಂಧಕ್ಕೆ ಕಾರಣವೆಂಬ ತತ್ತ್ವದಿಂದ ಒರಿಜೆನನನ್ನು ಬಿಡುಗಡೆ ಮಾಡಲೇಬೇಕು. ಆದರೆ ಗುಪ್ತಿಗಳು ಮೂರು; ಮನೋಗುಪ್ತಿಯ ಜೊತೆಗೆ ವಚನಗುಪ್ತಿಯೂ ಇದೆ. ಇಂದು ರೂಪಕವೆಂದು ಹಾಡಿದ ಮಾತನ್ನು ನಾಳೆ ಯಾರಾದರೂ ಅಕ್ಷರಾರ್ಥದಲ್ಲಿ ಹಿಡಿದರೆ? ಅದಕ್ಕಿಂತಲೂ ಮುಖ್ಯವಾದುದು ಇನ್ನೊಂದಿದೆ. ಕೋಪವನ್ನೆಲ್ಲ ರೂಪಕವಾಗಿ ಮಾರ್ಪಡಿಸಿದಾಗ, ಮಗುವನ್ನು ಕಳೆದುಕೊಂಡ ಬಾಬೆಲಿನ ಸೆರೆಯಾಳು ನಿಜವಾಗಿ ಅಷ್ಟು ಕೋಪಗೊಂಡಿದ್ದನೆಂಬ ಸತ್ಯವೇ ಅಳಿಸಿಹೋಗುತ್ತದೆ. ಕಷಾಯವನ್ನು ಗೆಲ್ಲಬೇಕಾದರೆ ಅದು ಇದೆಯೆಂದು ಮೊದಲು ಒಪ್ಪಬೇಕು. ಆಲೋಚನೆಯೆಂಬ ನಮ್ಮ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು ದೋಷವನ್ನು ಗುರುವಿನೆದುರು ಇದ್ದುದಿದ್ದಂತೆ ಹೇಳುವುದು ತಾನೆ? ಆ ಪದ್ಯ ಅಷ್ಟನ್ನು ಮಾಡಿದೆ. ಒರಿಜೆನನ ವ್ಯಾಖ್ಯಾನ ಮುಂದಿನ ಮೆಟ್ಟಿಲು. ಮೊದಲನೆಯದನ್ನು ಕಿತ್ತುಹಾಕಿ ಎರಡನೆಯದರ ಮೇಲೆ ನಿಲ್ಲಲಾಗದು.

ಸುಮ್ಮನಾಗಿಸಲ್ಪಟ್ಟ ಹುಡುಗ

ಇಷ್ಟು ದೂರ ಓದಿದ ಮೇಲೆ, ಅಳುವನ್ನು ಇಷ್ಟು ಆಳವಾಗಿ ವ್ಯಾಖ್ಯಾನಿಸಿದ ಅಗಸ್ಟೀನನು ತನ್ನ ಮನೆಯಲ್ಲಿ ಸಾವು ಬಂದಾಗ ಹೇಗೆ ನಡೆದುಕೊಂಡನೆಂದು ತಿಳಿಯುವ ಆಸೆಯಾಯಿತು. ಅದನ್ನು ಆತನೇ ತನ್ನ ಆತ್ಮನಿವೇದನೆಯ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾನೆ. 387ರಲ್ಲಿ ರೋಮ್ ಸಮೀಪದ ಓಸ್ಟಿಯ ಬಂದರಿನಲ್ಲಿ ಆತನ ತಾಯಿ ಮೋನಿಕಾ ತೀರಿಕೊಂಡಳು. ಆತ ತಾಯಿಯ ಕಣ್ಣು ಮುಚ್ಚಿದ. ತನ್ನ ಕಣ್ಣೀರನ್ನು ಬಲವಂತದಿಂದ ತಡೆದ. ಆತನ ಎಳೆಯ ಮಗ ಅದೆಯೊದಾತಸನು ಗಟ್ಟಿಯಾಗಿ ಅತ್ತುಬಿಟ್ಟಾಗ ಅಲ್ಲಿದ್ದವರೆಲ್ಲ ಸೇರಿ ಆ ಹುಡುಗನನ್ನು ಸುಮ್ಮನಾಗಿಸಿದರು. ಅಂತಹ ಮರಣಕ್ಕೆ ಗೋಳಾಟ ಉಚಿತವಲ್ಲವೆಂಬುದು ಅವರ ಅಭಿಪ್ರಾಯ. ಬಳಿಕ ಎವೋಡಿಯಸನು ಕೀರ್ತನೆಯೊಂದನ್ನು ಹಾಡತೊಡಗಿದ, ಮನೆಯವರೆಲ್ಲ ದನಿಗೂಡಿಸಿದರು. ಹಾಡಿದ್ದು ಶೋಕಗೀತೆಯಲ್ಲ, ಕರುಣೆಯನ್ನೂ ನ್ಯಾಯವನ್ನೂ ಹೊಗಳುವ ಕೀರ್ತನೆ.

ಆ ಮನೆಯಲ್ಲಿ ಓಸ್ಟಿಯವನ್ನು ತೆಗೆದು ಚಾಮರಾಜಪೇಟೆಯನ್ನಿಟ್ಟರೆ ಏನೂ ಬದಲಾಗುವುದಿಲ್ಲ. ಆ ಹುಡುಗನ ಜಾಗದಲ್ಲಿ ನನ್ನ ತಂಗಿ ಇದ್ದಳು. ಸುಮ್ಮನಾಗಿಸಿದವರ ಜಾಗದಲ್ಲಿ ನಾನಿದ್ದೆ.

ಆದರೆ ಅಗಸ್ಟೀನನು ಕಥೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ. ಸ್ನಾನ ಮಾಡಿದರೂ ದುಃಖ ತೊಳೆದುಹೋಗಲಿಲ್ಲವೆಂದು ಹೇಳುತ್ತಾನೆ. ನಿದ್ರೆ ಮಾಡಿ ಎದ್ದ ಮೇಲೆ, ಒಬ್ಬನೇ, ತನ್ನ ದೇವರ ಸನ್ನಿಧಿಯಲ್ಲಿ, ತಡೆದಿದ್ದ ಕಣ್ಣೀರನ್ನು ಹರಿಯಬಿಟ್ಟನು. ತಾಯಿಗಾಗಿ ಒಂದು ಗಳಿಗೆ ಅತ್ತದ್ದನ್ನು ಯಾರಾದರೂ ಪಾಪವೆಂದು ಬಗೆದರೆ ಅವರು ನಗದಿರಲಿ, ತನಗಾಗಿ ಅಳಲಿ ಎಂಬ ಭಾವದಲ್ಲಿ ಬರೆಯುತ್ತಾನೆ. ವ್ಯಾಖ್ಯಾನಕಾರನಾಗಿ ಆತ ಶೋಕಕ್ಕೆ ದೊಡ್ಡ ಸ್ಥಾನವನ್ನು ಕೊಡುವ ಮೊದಲೇ ಮಗನಾಗಿ ಅದರ ಮುಂದೆ ಸೋತಿದ್ದ. 430ರಲ್ಲಿ ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಮರಣಶಯ್ಯೆಯಲ್ಲಿದ್ದ ಆತ ದಾವೀದನ ಕೆಲವು ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಎದುರಿನ ಗೋಡೆಗೆ ಹಾಕಿಸಿಕೊಂಡು, ಓದುತ್ತ ಅಳುತ್ತಿದ್ದನೆಂದು ಆತನ ಶಿಷ್ಯ ಪೊಸಿಡಿಯಸ್ ತಿಳಿಸಿದ್ದಾನೆ.

ಅವರ ಔಷಧ, ನಮ್ಮ ಪಥ್ಯ

ಹೀಗೆಂದ ಮಾತ್ರಕ್ಕೆ ಅವರ ಔಷಧವನ್ನು ನಾವು ಹಾಗೆಯೇ ನುಂಗಬೇಕೆಂದು ನನ್ನ ಅಭಿಪ್ರಾಯವಲ್ಲ. ಮೂಲಭೂತವಾದ ಒಂದು ಭೇದವಿದೆ. ಕೀರ್ತನೆಗಳ ದೂರು ಸೃಷ್ಟಿಕರ್ತನ ಮೇಲಿನ ದೂರು. ನಾವು ಸೃಷ್ಟಿಕರ್ತನನ್ನು ಒಪ್ಪದವರು. ನಮ್ಮ ಜಿನನು ವೀತರಾಗ. ಆತ ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ. ಆತನನ್ನು ದೂರುವುದು ಅರ್ಥಹೀನ.

ಆದರೆ ಇಲ್ಲಿಯೇ ಸಮಂತಭದ್ರಾಚಾರ್ಯರನ್ನು ನೆನೆಯಬೇಕು. ವೀತರಾಗನಿಗೆ ಪೂಜೆಯಿಂದ ಪ್ರಯೋಜನವಿಲ್ಲ, ನಿಂದೆಯಿಂದ ಬಾಧೆಯಿಲ್ಲ. ಆದರೂ ಆತನ ಗುಣಸ್ಮರಣೆ ನಮ್ಮ ಚಿತ್ತವನ್ನು ಶುದ್ಧಿಗೊಳಿಸುತ್ತದೆಂದು ಸ್ವಯಂಭೂಸ್ತೋತ್ರದಲ್ಲಿ ಅವರು ಪ್ರತಿಪಾದಿಸಿದ್ದಾರೆ. ಸ್ತುತಿಯನ್ನು ಬಯಸದವನ ಮುಂದೆ ನಮ್ಮ ಹಿತಕ್ಕಾಗಿ ಸ್ತುತಿ ಮಾಡಬಹುದಾದರೆ, ಅಳುವಿನಿಂದ ವಿಚಲಿತನಾಗದವನ ಮುಂದೆ ನಮ್ಮ ಹಿತಕ್ಕಾಗಿ ಅಳಲೂ ಬಹುದಲ್ಲವೆ? ಬಸದಿಯ ಗರ್ಭಗೃಹದೆದುರು ಕಣ್ಣೀರಿಟ್ಟ ತಾಯಿಯನ್ನು ಕಂಡು ಮುಖ ತಿರುಗಿಸುವವರು ಈ ತರ್ಕವನ್ನು ಯೋಚಿಸಬೇಕು.

ಈಗ ಮೊದಲಿನ ಸೂತ್ರಕ್ಕೆ ಮರಳೋಣ. ನಮ್ಮ ಕರ್ಣಾಟಕದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಆ ಸೂತ್ರಕ್ಕೆ ತಾವೇ ಒಂದು ಆಕ್ಷೇಪವನ್ನೆತ್ತುತ್ತಾರೆ. ತನಗೆ ದುಃಖವನ್ನುಂಟುಮಾಡಿಕೊಳ್ಳುವುದು ಬಂಧಕ್ಕೆ ಕಾರಣವಾದರೆ, ಕೇಶಲೋಚ ಉಪವಾಸಗಳನ್ನು ಏಕೆ ವಿಧಿಸಿದ್ದಾರೆ? ಅವರ ಸಮಾಧಾನ ಹೀಗಿದೆ: ಕ್ರೋಧಾದಿ ಕಷಾಯಗಳಿಂದ ಪ್ರೇರಿತವಾದ ದುಃಖವೇ ಇಲ್ಲಿ ಹೇಳಿದ ಕಾರಣ, ಕರುಣೆಯಿಂದ ಮುನಿಯ ಕುರುವನ್ನು ಸೀಳುವ ವೈದ್ಯನು ನೋವನ್ನುಂಟುಮಾಡಿದರೂ ಪಾಪಕ್ಕೆ ಭಾಗಿಯಲ್ಲ. ಎಂದರೆ ಹೊರಗಿನ ಲಕ್ಷಣವೊಂದನ್ನೇ ಕಂಡು ತೀರ್ಪು ಕೊಡುವಂತಿಲ್ಲ. ನಾನು ವಾಣಿಜ್ಯ ಪದವೀಧರ, ಲೆಕ್ಕ ಬರೆಯುವವನು. ರಸೀದಿಯನ್ನು ನೋಡದೆ ಮೊಬಲಗನ್ನು ಮನಬಂದ ಖಾತೆಗೆ ಬರೆದುಬಿಡುವುದು ದೊಡ್ಡ ತಪ್ಪೆಂದು ಬಲ್ಲವನು. ಕಣ್ಣೀರನ್ನು ಕಂಡೊಡನೆ ಆರ್ತಧ್ಯಾನದ ಖಾತೆಗೆ ಬರೆದದ್ದು ಅಂತಹುದೇ ತಪ್ಪು.

ಆರ್ತಧ್ಯಾನವೆಂದರೆ ಅಗಲಿದ ಇಷ್ಟವಸ್ತುವನ್ನು ಮತ್ತೆ ಪಡೆಯಬೇಕೆಂಬ ಚಿಂತೆಯಲ್ಲಿಯೇ ಮನಸ್ಸು ಮತ್ತೆ ಮತ್ತೆ ನೆಟ್ಟು ನಿಲ್ಲುವುದು. ಒಂದು ಹೊತ್ತಿನ ಅಳುವಲ್ಲ. ಅಳದೆ ಒಳಗೇ ಕೊರಗುವವರಲ್ಲಿ ಅದು ಇನ್ನೂ ಬಲವಾಗಿರಲು ಸಾಧ್ಯ. ಅಷ್ಟೇ ಅಲ್ಲ, ಅದು ಯಾರಿಗಿರುತ್ತದೆಂಬುದನ್ನು ಒಂಬತ್ತನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ: ಅವಿರತರಿಗೆ, ದೇಶವಿರತರಿಗೆ ಮತ್ತು ಪ್ರಮತ್ತಸಂಯತರಿಗೆ. ಎಂದರೆ ಆರನೆಯ ಗುಣಸ್ಥಾನದ ಮುನಿಯವರೆಗೂ ಅದರ ಸಂಭವವಿದೆ. ಹೀಗಿರಲು, ಮಗನನ್ನು ಕಳೆದುಕೊಂಡ ಮೂರನೆಯ ದಿನ ಒಬ್ಬ ಶ್ರಾವಿಕೆಯಿಂದ ಏಳನೆಯ ಗುಣಸ್ಥಾನವನ್ನು ನಿರೀಕ್ಷಿಸಲು ನಾವು ಯಾರು? ನಿಸ್ಸದ ಗ್ರೆಗರಿ ಎಂಬ ಇನ್ನೊಬ್ಬ ಕ್ರೈಸ್ತ ಆಚಾರ್ಯನು ಕೀರ್ತನೆಗಳ ಐದು ಭಾಗಗಳನ್ನು ಐದು ಮೆಟ್ಟಿಲುಗಳೆಂದು ವಿವರಿಸಿದ್ದಾನೆ. ಮೆಟ್ಟಿಲುಗಳ ಈ ವಿವೇಕ ಗುಣಸ್ಥಾನಗಳನ್ನು ಬಲ್ಲ ನಮಗೆ ಹೊಸದಲ್ಲ. ಬಳಸಲು ಮಾತ್ರ ಮರೆಯುತ್ತೇವೆ.

ನನ್ನನ್ನು ಹೆಚ್ಚಾಗಿ ಚುಚ್ಚಿದ್ದು ಆರನೆಯ ಅಧ್ಯಾಯದ ಅದೇ ಸೂತ್ರದ ಉಳಿದ ಭಾಗ. ದುಃಖಶೋಕಾದಿಗಳು ತನ್ನಲ್ಲಿರಲಿ, ಪರರಲ್ಲಿ ಉಂಟುಮಾಡಿದುದಾಗಿರಲಿ, ಇಬ್ಬರಲ್ಲಿಯೂ ಇರಲಿ, ಬಂಧಕ್ಕೆ ಕಾರಣವೆಂದು ಅಲ್ಲಿಯೇ ಹೇಳಿದೆ. ತಂಗಿಯ ಶೋಕಕ್ಕೆ ನಾನು ಅವಮಾನವನ್ನು ಕೂಡಿಸಿದೆ. ಅದೂ ವೈದ್ಯನ ಕರುಣೆಯಿಂದಲ್ಲ, ಬಂದವರೆದುರು ಪಂಡಿತನೆನಿಸಿಕೊಳ್ಳುವ ಮಾನಕಷಾಯದಿಂದ. ಯಾವ ಸೂತ್ರವನ್ನು ಆಕೆಯ ಮೇಲೆ ಹೊರಿಸಿದೆನೋ ಅದು ನನ್ನ ಮೇಲೆಯೇ ಬಿದ್ದಿತ್ತು.

ಮಾಚಿಕಬ್ಬೆಯ ಮಾತು

ಶೋಕವನ್ನು ಅಳಿಸಿಹಾಕದ ದೃಷ್ಟಾಂತ ನಮ್ಮಲ್ಲಿಯೇ, ಚಂದ್ರಗಿರಿಯ ಸವತಿಗಂಧವಾರಣ ಬಸದಿಯ ಬಳಿಯಿರುವ ಶಾಸನದಲ್ಲಿದೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿ 1131ರಲ್ಲಿ ಶಿವಗಂಗೆಯಲ್ಲಿ ದೇಹವಿಟ್ಟಳು. ಆಕೆಯ ತಾಯಿ ಮಾಚಿಕಬ್ಬೆ, ಮಗಳು ಹೋದ ಮೇಲೆ ತಾನು ಹಿಂದುಳಿಯಲಾರೆನೆಂಬ ಅರ್ಥದ ಮಾತನ್ನಾಡಿ, ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಒಂದು ತಿಂಗಳ ಉಪವಾಸದಿಂದ ಸನ್ಯಸನವನ್ನು ಪೂರೈಸಿದಳು. ಇದನ್ನು ಅನುಕರಣೀಯವೆಂದು ನಾನು ಹೇಳುತ್ತಿಲ್ಲ. ಮರಣವನ್ನು ಬಯಸುವುದು, ಪ್ರಿಯರ ಮೇಲಿನ ಅನುರಾಗ ಇವೆರಡೂ ಸಲ್ಲೇಖನದ ಅತಿಚಾರಗಳೆಂದು ಶಾಸ್ತ್ರವೇ ಹೇಳುತ್ತದೆ. ನಾನು ಗಮನಕ್ಕೆ ತರುವುದು ಶಾಸನಕಾರನ ಪ್ರಾಮಾಣಿಕತೆಯನ್ನು. ಆ ತಾಯಿಯನ್ನು ಮೊದಲಿನಿಂದಲೇ ವಿರಕ್ತಳೆಂದು ಚಿತ್ರಿಸುವುದು ಸುಲಭವಾಗಿತ್ತು. ಆತ ಹಾಗೆ ಮಾಡಲಿಲ್ಲ. ಒಬ್ಬ ತಾಯಿಯ ಆರ್ತನುಡಿಯನ್ನು ವ್ರತದ ವರ್ಣನೆಯ ಜೊತೆಗೇ ಕಲ್ಲಿನಲ್ಲಿ ಉಳಿಸಿದ. ಅದನ್ನು ಏಳುನೂರೈವತ್ತಕ್ಕೂ ಮಿಕ್ಕಿದ ವರ್ಷಗಳ ಮೇಲೆ ಅಚ್ಚು ಹಾಕಿಸಿದವರು ಕೀರ್ತನೆಗಳನ್ನು ಕೇಳುತ್ತ ಬೆಳೆದ ಪಾದ್ರಿಯ ಮಗ.

ಆದಿ ಕ್ರೈಸ್ತ ವ್ಯಾಖ್ಯಾನಕಾರರಿಂದ ನಾನು ಕಲಿತದ್ದು ಇಷ್ಟೇ. ಅವರ ಅರ್ಥಗಳಲ್ಲಿ ಕೆಲವು ಬಲವಂತದವು, ಕೆಲವು ನಮಗೆ ಸಲ್ಲದವು. ಆದರೆ ಒಬ್ಬರೂ ಆ ಅಳುವ ಪದ್ಯಗಳನ್ನು ಪ್ರಾರ್ಥನೆಯಿಂದ ಕಿತ್ತುಹಾಕಲಿಲ್ಲ. ಮೊದಲು ಅಳುವನ್ನು ಉಳಿಸಿಕೊಂಡರು, ಅನಂತರ ಅರ್ಥವನ್ನು ಹುಡುಕಿದರು. ನಾವು ಅರ್ಥವನ್ನು ಮೊದಲು ಹೇಳಿ ಅಳುವಿಗೆ ಬಾಗಿಲು ಮುಚ್ಚುತ್ತೇವೆ.

ಬಸದಿಗಳ ಆಡಳಿತ ಮಂಡಳಿಯವರಲ್ಲಿಯೂ ಕುಟುಂಬಗಳ ಹಿರಿಯರಲ್ಲಿಯೂ ನನ್ನ ವಿನಂತಿ ಒಂದೇ. ಸಾವಿನ ಮನೆಗೆ ಹೋದಾಗ ಮೊದಲ ದಿನಗಳಲ್ಲಿ ಉಪದೇಶ ಬೇಡ. ಣಮೋಕಾರ ಮಂತ್ರವನ್ನು ಮೆಲ್ಲಗೆ ಹೇಳುತ್ತ ಜೊತೆಗೆ ಕುಳಿತರೆ ಸಾಕು. ದ್ವಾದಶಾನುಪ್ರೇಕ್ಷೆಗಳಿಗೆ ಕಾಲ ಬರುತ್ತದೆ. ಅನಿತ್ಯ ಅಶರಣ ಭಾವನೆಗಳನ್ನು ದುಃಖಿತರು ತಾವಾಗಿ ಕೇಳುವ ದಿನ ಬರುತ್ತದೆ. ಆ ದಿನ ಓದಿ ಹೇಳೋಣ.

ಕಳೆದ ಪರ್ಯೂಷಣದ ಕ್ಷಮಾವಣಿಯ ದಿನ ನಾನು ತಂಗಿಯ ಮನೆಗೆ ಹೋದೆ. ಪ್ರತಿವರ್ಷ ಎಲ್ಲರೂ ಎಲ್ಲರಿಗೂ ಹೇಳುವ ಕ್ಷಮೆಯ ಮಾತನ್ನು ಹೇಳಿ, ಅದರ ಮೇಲೆ, "ಆವತ್ತು ನಿನ್ನನ್ನ ಸುಮ್ಮನಿರಿಸಿದೆನಲ್ಲಮ್ಮ, ಅದಕ್ಕೆ" ಎಂದೆ. ಆಕೆ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಮಗನ ಭಾವಚಿತ್ರವನ್ನು ತಂದು ನನ್ನ ಕೈಯಲ್ಲಿಟ್ಟು, ಪಕ್ಕದಲ್ಲಿ ಕುಳಿತು ಅತ್ತಳು. ನಾನು ಸೂತ್ರವನ್ನು ಹೇಳಲಿಲ್ಲ.

ಛದ್ಮಸ್ಥನಾದ ನನ್ನಿಂದ ಈ ಬರೆಹದಲ್ಲಿ ಆಗಮಕ್ಕೆ ವಿರುದ್ಧವಾದ ಮಾತು ಬಂದಿದ್ದರೆ ವಿದ್ವಜ್ಜನರು ತಿದ್ದಬೇಕು. ಮಿಚ್ಛಾ ಮೇ ದುಕ್ಕಡಂ.